ಉಳಿದ ಹತ್ತು

ಕಿನಾಂಗೊಪ್‌ನ ಚಳಿಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ
ಹೊಗೆ; ಒಳಗೆ ಬೆಂಕಿಯಿಲ್ಲ.
ಹುಲ್ಲೆಸಳಿನಷ್ಟು ತೆಳ್ಳನೆ ಕಡ್ಡಿ,
ನಾಲ್ಕೂವರೆ ಸಾವಿರ ಶಿಲ್ಲಿಂಗ್.

ನ್ಯೋಕಾಬಿ ದುಡ್ಡಲ್ಲಿ ಎಣಿಸುವವಳಲ್ಲ:
ಲೀಟರಿಗೆ ಐವತ್ತು, ತೊಂಬತ್ತು ಲೀಟರು,
ಅಂದರೆ ನ್ಯಾಂಗೆಯ ಕೆಚ್ಚಲಿನ ಹನ್ನೊಂದು ದಿನ,
ಮಕ್ಕಳ ಚಹಾ ಕಪ್ಪಾಗಿಯೇ ಉಳಿದರೆ.

‘ನೂರಕ್ಕೆ ತೊಂಬತ್ತು ಹೆಣ್ಗರುವೇ’
ಅಂದ ಬೈಕಿನ ಹುಡುಗ, ಭುಜದವರೆಗೆ ಗವಸೇರಿಸುತ್ತ.
‘ಉಳಿದ ಹತ್ತು ಯಾರ ಕೊಟ್ಟಿಗೆಗೆ?’
ಅವನು ನಕ್ಕ. ಅವಳು ನಗಲಿಲ್ಲ.

ಬೇಲಿಯಾಚೆ ಗಥೋಗೊನ ಹೋರಿ,
ಐನೂರಕ್ಕೆ ಇಡೀ ಊರಿಗೆ ಅಳಿಯನಾಗಿದ್ದದ್ದು,
ಮೆಲುಕು ನಿಲ್ಲಿಸಿ ನೋಡಿತು.

ಕರುವಿಗೆ ಒಂಬತ್ತು ತಿಂಗಳು,
ಅದು ಹಾಲಿಳಿಸಲು ಇನ್ನೆರಡೂವರೆ ವರ್ಷ;
ಅಂದಿನ ಹಾಲಿನ ದರ
ಈಗ ಯಾರ ಹೊಟ್ಟೆಯಲ್ಲಿದೆಯೋ!

ನೋಟು ಎಣಿಸಿ ಕೊಟ್ಟಳು.
ಹರಿದದ್ದೊಂದನ್ನು ಅವನು ಹಿಂದಿರುಗಿಸಿದ.