ಕಾಗದದ ತಮ್ಮ

ಮುಫುಲಿರಾದ ಗಣಿಯ ಹೊಗೆ ಕುಡಿದು
ಕೆಮ್ಮುತ್ತಲೇ ಬೆಳೆದವರು ನಾವು.
ಕಪಂಬ್ವೆ ನನಗಿಂತ ಎರಡು ವರ್ಷ ದೊಡ್ಡವ,
ಹೆಗಲ ಮೇಲೆ ಕೂರಿಸಿ ನನ್ನ ಹಳ್ಳ ದಾಟಿಸಿದವ,
ಉಬ್ವಾಲಿಯ ದೊಡ್ಡ ತುತ್ತು
ಹಿರಿಯನಿಗೇ ಸೇರಬೇಕೆಂದು ಜಗಳ ತೆಗೆದವ.

ಏಜೆಂಟ್ ಬಂದ. ಕಂದು ಬೂಟು.
ಚಹಾಕ್ಕೆ ಐದು ಚಮಚ ಸಕ್ಕರೆ ಸುರಿದುಕೊಂಡು
‘ಇಪ್ಪತ್ತಮೂರು ಅಂದರೆ ಯಾರೂ ಕೊಳ್ಳುವುದಿಲ್ಲ’ ಎಂದ.
ಪೆನ್ನು ಒಮ್ಮೆ ಎಳೆದದ್ದಕ್ಕೆ ನಾಲ್ಕು ವರ್ಷ ಉದುರಿದವು.
ಆ ಸಂಜೆಯಿಂದ
ನನ್ನಣ್ಣ ನನಗೆ ತಮ್ಮ.
ಅವ್ವ ಒಲೆಗೆ ಇದ್ದಿಲು ಹಾಕುತ್ತ ನಕ್ಕಳು:
‘ನಾನು ಹೆರದ ಮಗ ಹೋಗುತ್ತಾನಂತೆ,
ಹೋಗಲಿ, ಹೆತ್ತವನನ್ನು ಇಲ್ಲೇ ಬಿಟ್ಟು ಹೋಗಲಿ.’

ಬೆಲ್ಜಿಯಂ. ಎರಡನೇ ದರ್ಜೆಯ ತಂಡ, ಒಂಬತ್ತನೇ ನಂಬರಿನ ಅಂಗಿ.
ಮೊದಲ ಚಳಿಗಾಲ ಎರಡು ಜೊತೆ ಕಾಲುಚೀಲದೊಳಗೆ ಕಳೆಯಿತು.
ಗೋಲು ಹೊಡೆದ ದಿನ ಫೋನು ಬರುತ್ತಿತ್ತು,
ಹೊಡೆಯದ ದಿನ ಹಣ,
ತಪ್ಪು ಮಾಡಿದವನ ಹಾಗೆ.
ಒಂದು ವರ್ಷ ಹಣ ಬಹಳ ಬಂತು.
ಮನೆಗೆ ತಗಡು ಹೊದಿಸಿದೆವು,
ಯಾರೂ ಮಾತಾಡಲಿಲ್ಲ.

ಆಮೇಲೆ ಟರ್ಕಿ. ಆಮೇಲೆ ಸೈಪ್ರಸ್,
ಅಲ್ಲಿ ಅರ್ಧ ಸಂಬಳ, ಉಳಿದರ್ಧ ನಾಳೆ.
ಅಲ್ಲೇ ಮೊಣಕಾಲು ಕೈಕೊಟ್ಟಿತು.
ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಪಾಸ್‌ಪೋರ್ಟ್ ನೋಡಿದರಂತೆ, ಮತ್ತೆ ಎಲುಬು ನೋಡಿದರಂತೆ:
‘ಇಪ್ಪತ್ತೇಳೇ?’
ಎಲ್ಲರೂ ಒಪ್ಪಿಕೊಂಡ ಸುಳ್ಳನ್ನು
ಮಂಡಿಚಿಪ್ಪೊಂದು ಒಪ್ಪಲಿಲ್ಲ.

ಈಗ ಅವನದು ಮೆಕ್ಕೆಜೋಳದ ಗಿರಣಿ.
ಹುಬ್ಬಿನ ಮೇಲೆ ಹಿಟ್ಟು ಕೂತರೆ ಮುದುಕ,
ಒರೆಸಿಕೊಂಡರೆ ಮತ್ತೆ ನಮ್ಮ ಕಪಂಬ್ವೆ.
ಸಾಲಿನಲ್ಲಿ ನಿಂತ ಹುಡುಗರು ಕೇಳುತ್ತಾರೆ,
ಯಾವ ಗೋಲು ದೊಡ್ಡದು ಮಾಮಾ?
ಬೆಲ್ಜಿಯಂ ಅನ್ನುವುದಿಲ್ಲ ಅವನು.
ಗಣಿಯ ಮೈದಾನದಲ್ಲಿ, ಬರಿಗಾಲಲ್ಲಿ,
ಎರಡು ಇಟ್ಟಿಗೆಗಳ ನಡುವೆ ಹೊಡೆದದ್ದೊಂದನ್ನು ಹೇಳುತ್ತಾನೆ.
ಹೇಳಿದಾಗಲೆಲ್ಲ ಇಟ್ಟಿಗೆಗಳು ಇನ್ನಷ್ಟು ಹತ್ತಿರವಾಗುತ್ತವೆ.

ಹೋದ ಜೂನ್‌ನಲ್ಲಿ ಅವ್ವ ಹೋದಳು.
ಮಣ್ಣಿಗೆ ಹೂವಿಡಲು ಮಕ್ಕಳನ್ನು ಕರೆದರು
ಹಿರಿತನದ ಸಾಲಿನಲ್ಲಿ,
ಯಾರೋ ಕಾಗದ ನೋಡಿ ಬರೆದ ಪಟ್ಟಿ.
ಮೊದಲು ನನ್ನ ಹೆಸರು.

ನಾನು ಕದಲಲಿಲ್ಲ.
ಬಾವುಟ ಏಳುವ ಮೊದಲೇ ಓಡಿಬಿಡುತ್ತಿದ್ದವ
ನನ್ನ ಬೆನ್ನ ಹಿಂದೆ ನಿಂತೇ ಇದ್ದ.
‘ಹೋಗಕ್ಕಾ’ ಎಂದ, ಮೆಲ್ಲಗೆ,
ನಗಿಸಲೆಂದೋ ಏನೋ.
ಮೊಣಕೈಯಿಂದ ತಿವಿದು ಮುಂದೆ ತಳ್ಳಿದೆ.

ಕುಂಟುತ್ತ ಹೋದ. ಬಗ್ಗಿದ.
ಮೊಣಕಾಲು ಲಟಕ್ಕೆಂದದ್ದು
ಎಲ್ಲರಿಗೂ ಕೇಳಿಸಿತು.