ಹನ್ನೊಂದು ನೂಲು

ಗುಳೇದಗುಡ್ಡದಾಗ ಏಪ್ರಿಲ್ ಅಂದ್ರ
ಮುಂಜಾನಿ ಎಂಟಕ್ಕಽ ಕಲ್ಲು ಕಾಯ್ತಾವ.
ಅದಕ್ಕ ತತ್ತಿ ಬಚ್ಚಿಡೋದು ನಸುಕಿನ್ಯಾಗ,
ಹಾಲಿನವ ಬರೂಕಿಂತ ಮೊದಲ.

ಹಿಂದಿನ ಸಂಜಿ ನಮ್ಮ ಅಡಗಿಮನಿ ಬಣ್ಣಗಾರರ ಅಂಗಡಿ.
ಉಳ್ಳಾಗಡ್ಡಿ ಸಿಪ್ಪಿ ಹದಿನೈದು ದಿನದಿಂದ ಕೂಡಿಸಿಟ್ಟಿದ್ದೆ,
ಅತ್ತಿ ಎರಡು ಸಲ ಕಸ ಅಂತ ಚೆಲ್ಲಿದ್ರು,
ಎರಡು ಸಲ ಆರಿಸಿ ತಂದೆ.
ನುಗ್ಗಿ ಎಲಿ ತತ್ತಿಗೆ ಅಂಟಿಸಿ
ಹಳೇ ಖಣದ ತುಂಡಿನ್ಯಾಗ ಬಿಗಿದು ಕುದಿಸಿದ್ರ
ಎಲಿ ಇದ್ದ ಜಾಗ ಬೆಳ್ಳಗ ಉಳೀತೈತಿ,
ಸುತ್ತೆಲ್ಲ ಇಟ್ಟಂಗಿ ಬಣ್ಣ.
ಶಂಖಪುಷ್ಪದ ನೀರಿನ್ಯಾಗ ಒಂದಽ ಒಂದು ನೀಲಿ.
ನನ್ನ ತಂಗಿ ಮಗ ಹನೋಕ ಮೇಣಬತ್ತಿ ತುಂಡು ಹಿಡದು
ತನ್ನ ತತ್ತಿ ಮ್ಯಾಲ ಏನೋ ಬರದ,
ಕಾಣವೊಲ್ಲದು ಅಂತ ಅತ್ತ.
ಅರಿಶಿಣದಾಗ ಮುಳುಗಿಸಿ ತಗದಾಗ
ಒಂದು ಬೆಕ್ಕು, ಐದು ಕಾಲಿಂದು.
"ಅದು ಬಾಲ," ಅಂದ, ಸಿಟ್ಟಿಗೆದ್ದು.

ಓದಾಕ ಬರದವ್ರಿಗೆ ಚೀಟಿ ಬರದು ಏನು ಮಾಡೂದು?
ನೇಕಾರರ ಊರು ನಮ್ಮದು, ನೂಲಿಗೇನು ಕಡಿಮಿ.
ಹನ್ನೊಂದು ಮಕ್ಕಳು, ಹನ್ನೊಂದು ಬಣ್ಣ,
ಚರ್ಚಿನ ಗಂಟಿ ಕಂಬಕ್ಕ ಒಂದೊಂದು ತುದಿ ಕಟ್ಟಿ
ಬೇವಿನ ಬೊಡ್ಡಿ ಸುತ್ತಿ, ನಳದ ಕೆಳಗ ನುಸುಳಿ,
ದಾನಿಯೇಲಪ್ಪನ ಮಗ್ಗದ ಮನಿ ಕಿಡಕಿ ಹಾದು
ಗ್ವಾಡಿ ತನಕ.
ಆರಾಧನಿಗೆ ಬಂದವ್ರು ದಾಟಿಕೋತ ಬಂದ್ರು, ಬೈಕೋತ.

ಮಕ್ಕಳ ಕೈಯಾಗ ಖಾಲಿ ಕಂಡಿಕಿ.
ಸುತ್ತಕೋತ ಹೋಗ್ರಿ, ನೂಲು ಹರೀಬ್ಯಾಡ್ರಿ.
ಮೂರು ವರ್ಷದವ್ರಿಗೆ ಮೊಣಕಾಲೆತ್ತರದಾಗಽ ತತ್ತಿ,
ಏಳು ವರ್ಷದವ್ರು ಬೇಕಾದ್ರ ಕಲ್ಲು ಹತ್ರಿ,
ಬಿದ್ರ ನನ್ನ ಹೆಸರು ಹೇಳಬ್ಯಾಡ್ರಿ.

ಬಾಜೂಮನಿ ನೀಲಾಂಬಿಕಾಗ ತತ್ತಿ ನಡಿಯಂಗಿಲ್ಲ.
ಅವರವ್ವ ಬಾಗಿಲಾಗ ನಿಂತು
"ಆಡಾಕ ಕಳಸ್ತೀನಿ ಅಕ್ಕಾರ, ಆದ್ರ..." ಅಂದಿದ್ರು.
ಆ "ಆದ್ರ"ಕ್ಕ ಒಂದು ಚಿಕ್ಕು ತಂದಿದ್ದೆ.
ತತ್ತಿಯಷ್ಟಽ ದುಂಡು,
ಬಣ್ಣ ದೇವರಽ ಹಚ್ಯಾನ.

ಓಟ.
ಅರ್ಧ ತಾಸಿನ್ಯಾಗ ಅಂಗಳದ ತುಂಬ
ಹಾಸು ಯಾವುದು ಹೊಕ್ಕು ಯಾವುದು ತಿಳೀದಂಗಾತು.
ಎಸ್ತೇರಿ ಜೈನಬಿಯ ನೂಲಿನ್ಯಾಗ ಸಿಕ್ಕಳು,
ಇಬ್ಬರೂ ಎಳದು, ಬಿದ್ದು, ನಕ್ಕು,
ಕಡೀಕ ಯಾರದು ಹಸರು ಯಾರದು ಗುಲಾಬಿ
ಅವರಿಗೂ ನೆನಪಿಲ್ಲ.
ದಾನಿಯೇಲಪ್ಪ ಕಟ್ಟಿ ಮ್ಯಾಲ ಕೂತು ಅಂದ:
"ಐವತ್ತು ವರ್ಷ ನೇಯ್ದೀನಿ,
ಇಂಥಾ ಡಿಜೈನ್ ಕಂಡಿಲ್ಲ."

ಶಲೋಮಿ, ನಾಲ್ಕು ವರ್ಷದಾಕಿ, ನೀಲಿ ನೂಲು.
ಎಲ್ಲಾರಕಿಂತ ಸಾವಕಾಶ ಸುತ್ತಿದಾಕಿ.
ಗ್ವಾಡಿಯ ಕಲ್ಲಸಂದ್ಯಾಗ ಕೈ ಹಾಕಿದಳು,
ಮೊಣಕೈ ತನಕ ಹಾಕಿದಳು,
ತಿರುಗಿ ನೋಡಿ ಕೂಗಿದಳು:
"ಅಕ್ಕಾರಽ, ಇಲ್ಲಿಲ್ಲ! ಇಲ್ಲಿ ಇಲ್ಲಾ!"

ಈಗಷ್ಟ ಒಳಗ ಓದಿದ್ದರು ಅದಽ ಮಾತು,
ನಸುಕಿನ್ಯಾಗ ಸಮಾಧಿಗೆ ಹೋದ ಹೆಣ್ಮಕ್ಕಳಿಗೆ ಹೇಳಿದ್ದು.
ಪಾಸ್ಟರ್ ನಕ್ಕರು.
ನನಗ ಮೈ ಜುಂ ಅಂತು.
ಆದ್ರ ಹುಡುಗಿಗೆ ಬೇಕಾಗಿದ್ದು ಸುವಾರ್ತೆ ಅಲ್ಲ, ತತ್ತಿ.
ಕೆಳತುಟಿ ನಡುಗಾಕ ಹತ್ತಿತ್ತು.

ನೀಲಾಂಬಿಕಾ ಚಿಕ್ಕು ಒತ್ತಿ ಎರಡು ಹೋಳು ಮಾಡಿ
ಬೀಜ ಇದ್ದ ಹೋಳು ಆಕೀಗೆ ಕೊಟ್ಟಳು.
ಕರ್ರಗ ಹೊಳಿಯೋ ಬೀಜ.
ಅಷ್ಟಽ ಸಾಕಾತು ನೋಡ್ರಿ,
ಉಳಿದ ಒಂಬತ್ತೂ ಮಂದಿ
ತತ್ತಿ ನನ್ನ ಉಡಿಯಾಗ ಸುರುವಿ
"ನಮಗೂ ಚಿಕ್ಕು."
ರಾತ್ರಿಯೆಲ್ಲ ಬಣ್ಣ ಹಚ್ಚಿದ ನನ್ನ ಬೆರಳು
ಇನ್ನೂ ಹಳದಿ ಇದ್ವು.

ಮಂಗಳವಾರ ನೂಲು ತಿರುಗಿ ಕೊಡಾಕ ಹೋದೆ.
ಕುಣಿಮಗ್ಗದ ಮೂಲ್ಯಾಗ
ನೀಲಿ ಸಿಪ್ಪಿ, ಬಾಜೂಕ ಉಪ್ಪಿನ ಪುಡಕಿ.
ಮುದುಕ ಲಾಳಿ ಒಗಿಯೂದು ಬಿಡಲಿಲ್ಲ,
ತಲಿನೂ ಎತ್ತಲಿಲ್ಲ.
"ನಾಲ್ವತ್ತು ದಿನ ಉಪಾಸ ಹಿಡದಿದ್ನೆವಾ," ಅಂದ.