ಅಳತೆಯ ತಗಡು

ಇಪ್ಪತ್ತೆರಡನೆಯ ದಿನ ಮತ್ತೆ ರಬ್ಬರಿನ ಬೂಟು ಮೆಟ್ಟಿದೆ.
ಸೊಂಟದ ಪಟ್ಟಿ ಮೊದಲಿನ ತೂತಿಗೇ ಬಂದು ಕೂತಿತು,
ಏನೂ ಆಗಿಲ್ಲವೇನೋ ಎಂಬಂತೆ.
ಬ್ರೈಸ್ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಲೇ ಇದ್ದ.
"ಇನ್ನೊಂದು ವಾರ ಬಿಟ್ಟು ಹೋದರಾಗದೇ?"
ಆಗದು. ಗಲೀಸಿಯಾದ ಈ ಅಳಿವೆ ಯಾರಿಗೂ ಕಾಯುವುದಿಲ್ಲ.
ಇಂದು ಹತ್ತೂವರೆಗೆ ಇಳಿತ,
ಈ ತಿಂಗಳಲ್ಲೇ ದೊಡ್ಡದು.

ಫ್ರಿಜ್ಜಿನ ಬಾಗಿಲಿಗೆ ಸಂಘದವರು ಕೊಟ್ಟ ಭರತ ಇಳಿತದ ಪಟ್ಟಿ.
ನವೆಂಬರಿನ ಹದಿನಾಲ್ಕಕ್ಕೆ ನಾನೇ ಪೆನ್ಸಿಲಿನಲ್ಲಿ
ಇರುವೆಯಷ್ಟು ಚುಕ್ಕೆಯೊಂದನ್ನು ಇಟ್ಟಿದ್ದೆ,
ಅತ್ತೆ ಡೊರಿಂಡಾಳ ಕಣ್ಣಿಗೆ ಬೀಳದ ಹಾಗೆ.
ಅಳಿಸಿಲ್ಲ. ಅಳಿಸಲು ರಬ್ಬರು ಹುಡುಕಬೇಕು.
ಹುಡುಕಿದರೆ ಸಿಕ್ಕೀತು.

ಕೆಸರಿನ ಮೇಲೆ ನಾವು ಹತ್ತೊಂಬತ್ತು ಹೆಂಗಸರು,
ನಡು ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ
ಕೈಕುಂಟೆ ಎಳೆಯುವವರು.
ಯಾರೂ ಏನೂ ಕೇಳಲಿಲ್ಲ.
ಕೇಳದೆ ಇರುವುದಕ್ಕೂ ಒಂದು ಸದ್ದಿದೆ:
ಇವತ್ತು ಕುಂಟೆಗಳೆಲ್ಲ ಒಂಚೂರು ಮೆಲ್ಲಗೆ ಗೀಚುತ್ತಿದ್ದವು.

ಬಸುರಿಗೆ ಹೆಸರಿದೆ, ಬಾಣಂತಿಗೆ ಹೆಸರಿದೆ.
ಅದಾಗಿ ಇದಾಗದವಳನ್ನು ಏನೆಂದು ಕೂಗುವುದು?
ಡೊರಿಂಡಾ ಮಾತ್ರ, ಬಾಯಿ ಬಿಡದೆ,
ಬಾಣಂತಿಗೆ ಮಾಡುವ ಕೋಳಿಸಾರನ್ನೇ ಮಾಡಿ ತಂದಿಟ್ಟಳು.
ಬಟ್ಟಲಿನ ತಳ ಕಾಣುವ ಹೊತ್ತಿಗೆ
ಅತ್ತೆ ಮುಖ ತಿರುಗಿಸಿದಳು, ನಾನು ಅತ್ತೆ.

ಅಳತೆಯ ತಗಡು ದಾರಕ್ಕೆ ಕಟ್ಟಿ ಕೊರಳಲ್ಲಿ ತೂಗುತ್ತದೆ.
ಅದರ ತೂತಿನಲ್ಲಿ ಬಳಚು ತೂರಿ ಬಿದ್ದರೆ ಕಡಲಿನದು,
ತಡೆದು ನಿಂತರೆ ನಮ್ಮದು.
ನಾಲ್ಕು ಸೆಂಟಿಮೀಟರ್. ಹದಿನೇಳು ವರ್ಷದಿಂದ ಈ ಕೈ
ತಗಡಿಲ್ಲದೆಯೂ ಬಲ್ಲದು, ನಾಲ್ಕು ಎಂದರೆ ಎಷ್ಟೆಂದು.

ಆಸ್ಪತ್ರೆಯ ಹುಡುಗಿಯೂ ಅದೇ ಅಂಕಿ ಹೇಳಿದಳು.
ಪರದೆಯ ಮೇಲೆ ಚುಕ್ಕೆ ಚುಕ್ಕೆಯ ಗೆರೆ ಎಳೆದು
"ಹನ್ನೊಂದು ವಾರಕ್ಕೆ ನಾಲ್ಕು ಇರಬೇಕಿತ್ತು, ಇದು ಎರಡೂ ಇಲ್ಲ" ಎಂದು
ಸದ್ದಿನ ಗುಂಡಿ ಒತ್ತದೆ
ಡಾಕ್ಟರನ್ನು ಕರೆಯಲು ಹೋದಳು.
ಗೋಡೆಯ ಮೇಲೆ ಆನೆಯೊಂದು ಬಲೂನು ಹಿಡಿದಿತ್ತು.
ಅದರ ಉಗುರು ಎಣಿಸಿದೆ.

ಆಮೇಲೆ ಬೇರೆಯದನ್ನೆಲ್ಲ ಎಣಿಸಿದೆ: ಮಾರ್ಚಿನಲ್ಲಿ ಎತ್ತಿದ ಬುಟ್ಟಿಗಳು,
ಮೊಣಕಾಲುದ್ದ ತಣ್ಣೀರು,
ಕಾರ್ನಿವಾಲಿನ ರಾತ್ರಿ ಕುಡಿದ ಅರ್ಧ ಲೋಟ ವೈನು.
ಡಾಕ್ಟರು ತಲೆಯಾಡಿಸಿದರು. ಯಾವುದೂ ಅಲ್ಲ, ನಿಮ್ಮಿಂದಲ್ಲ.
ಹಾಗಾದರೆ ಯಾರಿಂದ
ಎಂದು ಕೇಳಲು ನಾಚಿಕೆಯಾಯಿತು.

ಇವತ್ತು ಮೊದಲ ಎಳೆತಕ್ಕೇ ಬಂದದ್ದು ಉಗುರಿನಷ್ಟು ಬಳಚು.
ಮಾಮೂಲಿ ದಿನವಾದರೆ ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತೇವೆ.
ಅಂಗೈಯಲ್ಲಿ ಇಟ್ಟುಕೊಂಡು ನಿಂತೆ. ನಿಂತೇ ಇದ್ದೆ.
ಪಕ್ಕದಲ್ಲಿ ಅರವತ್ತು ದಾಟಿದ ಹೆರ್ಮಿತಾಸ್
ತಲೆ ಎತ್ತದೆ ಹೇಳಿದಳು:
"ನನ್ನವು ಎರಡು. ಒಂದು ಮನೆಯಲ್ಲಿ,
ಒಂದು ಇದೇ ಕೆಸರಲ್ಲಿ ನಿಂತಿದ್ದಾಗ.
ಆಗೆಲ್ಲ ಅರ್ಧಕ್ಕೆ ಎದ್ದು ಹೋಗುವ ಪದ್ಧತಿ ಇರಲಿಲ್ಲ."
ಕುಂಟೆ ಒಮ್ಮೆ ಎಳೆದಳು.
"ಅದನ್ನ ಎಸೀಬೇಡ. ಬೆರಳಿಂದ ಒತ್ತಿ ಬಿಡು, ತಾನೇ ಕೆಳಗಿಳಿಯುತ್ತೆ."

ಒತ್ತಿದೆ. ಎರಡನೇ ಗೆಣ್ಣಿನವರೆಗೆ ಕೆಸರು ಬೆಚ್ಚಗಿತ್ತು.
ಬೆರಳು ತೆಗೆದಲ್ಲಿ ನೀರು ತುಂಬಿಕೊಂಡಿತು.
ಇದು ಅದಲ್ಲ, ಗೊತ್ತು. ಬಳಚು ಬಳಚೇ.
ಆದರೂ ನನ್ನದನ್ನು ಎಲ್ಲಿಟ್ಟರೆಂದು ಅವರು ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.
ಈ ಕೈಗೆ ಹೂಳುವ ಕೆಲಸವೊಂದು
ಬಾಕಿ ಉಳಿದುಹೋಗಿತ್ತು.

ನೀರು ಹಿಮ್ಮಡಿ ಮುಟ್ಟಿದಾಗ ಎಲ್ಲರೂ ದಡಕ್ಕೆ.
ತೂಕದ ಮೇಜಿನಲ್ಲಿ ನನ್ನ ಬುಟ್ಟಿ ಎರಡೂಕಾಲು ಕಿಲೋ.
ಗುಮಾಸ್ತ ಹುಬ್ಬೇರಿಸಿದವನು ಸುಮ್ಮನೆ ಬರೆದುಕೊಂಡ.
ಬೂಟು ತೊಳೆಯುವಾಗ ಹಸಿವಾಯಿತು.
ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ,
ಮಾನ ಮರ್ಯಾದೆ ಇಲ್ಲದ ಹಸಿವು.
ಹೆರ್ಮಿತಾಸ್ ಬ್ರೆಡ್ಡು ಮುರಿದು ಅರ್ಧ ಕೊಟ್ಟಳು, ಒಳಗೆ ಹುರಿದ ಮೊಟ್ಟೆ.
ಕೈ ಸರಿಯಾಗಿ ತೊಳೆದಿರಲಿಲ್ಲ.
ಹಲ್ಲಿಗೆ ಮರಳು ಸಿಕ್ಕಿತು,
ಹಾಗೇ ತಿಂದೆ.